ದೂರದರ್ಶನದ ರಾಮಾಯಣ ಮತ್ತು ನಾಗಚಂದ್ರನ ಋಣ: ಒಂದು ಪುನರ್ವಿಚಾರ

1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ಭಾನುವಾರದ ಬೆಳಗುಗಳಲ್ಲಿ ಪ್ರಸಾರವಾದ ರಮಾನಂದ ಸಾಗರರ ‘ರಾಮಾಯಣ’ ಧಾರಾವಾಹಿಯು ತನ್ನ ಆಕರಗಳನ್ನು ಹೆಸರಿಸುವಾಗ, ವಾಲ್ಮೀಕಿ ತುಲಸೀದಾಸರ ಬಳಿಯಲ್ಲೇ ತಮಿಳಿನ ಕಂಬ, ಬಂಗಾಳಿಯ ಕೃತ್ತಿವಾಸ, ತೆಲುಗಿನ ರಂಗನಾಥ ರಾಮಾಯಣ, ಮರಾಠಿಯ ಭಾವಾರ್ಥ ರಾಮಾಯಣಗಳ ಸಾಲಿನಲ್ಲಿ, ಕನ್ನಡದ ಪಾಲಿಗೆ ಅಭಿನವಪಂಪನೆನಿಸಿದ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ವನ್ನು ನಿಲ್ಲಿಸಿದೆ. ಈ ಒಂದು ಉಲ್ಲೇಖವನ್ನೇ ಪ್ರಮಾಣವಾಗಿಟ್ಟುಕೊಂಡು, ಅರವಿಂದ ತ್ರಿವೇದಿಯವರ ರಾವಣನಲ್ಲಿ ತೋರುವ ಗಾಂಭೀರ್ಯವು ಅಭಿನವಪಂಪನ ದಾನವೆಂದು ಹಿರಿಯ ವಿದ್ವಾಂಸರೊಬ್ಬರು ಸಾಧಿಸಹೊರಟರು. ನಾಗಚಂದ್ರನ ಪಕ್ಷಪಾತಿಯಾದ ನನಗೆ ಅದು ನಿಜವಾಗಿದ್ದರೆ ಪರಮಸಂತೋಷವೇ ಆಗುತ್ತಿದ್ದಿತು. ಆದರೆ ಅವರು ಪಟ್ಟಿಯನ್ನು ಓದಿದಷ್ಟು ಶ್ರದ್ಧೆಯಿಂದ ಕಾವ್ಯವನ್ನು ಓದಿದಂತೆ ತೋರುವುದಿಲ್ಲ.

ರಾವಣವಧೆಯೊಂದನ್ನೇ ಪರೀಕ್ಷಿಸೋಣ. ಧಾರಾವಾಹಿಯಲ್ಲಿ ವಿಭೀಷಣನು ಅಣ್ಣನ ನಾಭಿಯ ಅಮೃತದ ಗುಟ್ಟನ್ನು ಬಿಡಿಸಿ ಹೇಳುತ್ತಾನೆ. ರಾಮನ ಬಾಣವು ಅದನ್ನು ಹೀರುತ್ತದೆ. ಇದು ತುಲಸೀದಾಸರ ದಾರಿ. ಬ್ರಹ್ಮಾಸ್ತ್ರದಿಂದ ಹೃದಯವನ್ನು ಭೇದಿಸುವ ವಾಲ್ಮೀಕಿಯದೂ ಅಲ್ಲ. ನಾಗಚಂದ್ರನಲ್ಲಾದರೋ ರಾವಣನನ್ನು ಕೊಲ್ಲುವವನು ರಾಮನೇ ಅಲ್ಲ, ಲಕ್ಷ್ಮಣ; ಆಯುಧವೂ ಬಾಣವಲ್ಲ, ರಾವಣನು ತಾನೇ ಎಸೆದು ಕಳೆದುಕೊಂಡ ಚಕ್ರ. ಇದು ಕವಿಯ ಚಾಪಲ್ಯದಿಂದ ಆದ ಮಾರ್ಪಾಡಲ್ಲ: ಬಲದೇವನಾದ ರಾಮನು ಆ ಜನ್ಮದಲ್ಲಿಯೇ ಮೋಕ್ಷಗಾಮಿಯಾದ್ದರಿಂದ, ಪ್ರತಿವಾಸುದೇವನನ್ನು ಕೊಲ್ಲುವ ಪಾಪಭಾರವನ್ನು ವಾಸುದೇವನಾದ ಲಕ್ಷ್ಮಣನೇ ಹೊರಬೇಕೆಂಬುದು ವಿಮಲಸೂರಿಯಿಂದ ಇಳಿದುಬಂದ ಜೈನ ಕಥಾಕ್ರಮದ ಬೆನ್ನೆಲುಬು. ಅದನ್ನು ಮುರಿದ ಮೇಲೆ ‘ಆಕರ’ವೆಂಬ ಮಾತಿಗೆ ಅರ್ಥವೇನು ಉಳಿಯಿತು?

ದಾರಾ ಸಿಂಗರ ಹನುಮಂತನಿಗೆ ಕಪಿಯ ಮೋರೆಯುಂಟು, ಬಾಲವುಂಟು. ನಾಗಚಂದ್ರನ ಹನುಮಂತನು ಕಪಿಧ್ವಜದ ಕುಲದಲ್ಲಿ ಹುಟ್ಟಿದ ವಿದ್ಯಾಧರ.

ಇನ್ನು ಗಾಂಭೀರ್ಯದ ಮಾತು. ಬಿ. ಎಂ. ಶ್ರೀಕಂಠಯ್ಯನವರು ನಾಗಚಂದ್ರನ ರಾವಣನಲ್ಲಿ ದುರಂತನಾಯಕನನ್ನು ಕಂಡದ್ದು ಅವನ ಗತ್ತಿಗಾಗಿ ಅಲ್ಲ. ಬೆದರಿಕೆಯ ಮಾತಿಗೆ ಮೂರ್ಛೆ ಹೋದ ಸೀತೆಯನ್ನು ಕಂಡು ಅವನ ಮನಸ್ಸು ತಿಳಿಯಾಗುತ್ತದೆ. ಆದರೂ ಈಗಲೇ ಒಪ್ಪಿಸಿದರೆ ಅಂಜಿದನೆಂಬ ಅಪಕೀರ್ತಿ ಬರುವುದೆಂದು ಬಗೆದು, ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದ ಬಳಿಕ ಅವಳನ್ನು ಒಪ್ಪಿಸುವೆನೆಂದು ನಿಶ್ಚಯಿಸುತ್ತಾನೆ. ಪರಿವರ್ತನೆಯಾದ ಮೇಲೂ ಮಾನದ ಹಟಕ್ಕೆ ಸಾಯುವವನೀತ. ತ್ರಿವೇದಿಯವರ ಅಟ್ಟಹಾಸದಲ್ಲಿ, ಅದೆಷ್ಟೇ ಸಮರ್ಥವಾಗಿರಲಿ, ಈ ಪಶ್ಚಾತ್ತಾಪದ ಎಳೆ ನನಗೆ ಕಾಣಲಿಲ್ಲ. ಕಂಡವರು ಯಾವ ಕಂತಿನಲ್ಲೆಂದು ತಿಳಿಸಿದರೆ ಉಪಕೃತನಾಗುವೆನು.

ಹಾಗಾದರೆ ಆ ಹೆಸರು ಅಲ್ಲಿಗೆ ಬಂದುದೇಕೆ? ನನ್ನ ಊಹೆ ಇಷ್ಟೇ: ಇಡೀ ದೇಶದ ಮುಂದೆ ಕಥೆ ಹೇಳಹೊರಟವರಿಗೆ ಭಾಷೆಗೊಂದು ರಾಮಾಯಣ ಬೇಕಾಗಿದ್ದಿತು. ಅದು ಗೌರವದ ಪಟ್ಟಿ, ಋಣಪತ್ರವಲ್ಲ. ಬಾಲವುಳ್ಳ ಹನುಮಂತನೂ ಮಾಯಾಮೃಗವೂ ರಾವಣನನ್ನು ಕೊಲ್ಲುವ ರಾಮನೂ ಒಟ್ಟಿಗೇ ಬೇಕಿದ್ದವರಿಗೆ ಕುಮಾರವಾಲ್ಮೀಕಿಯ ತೊರವೆ ರಾಮಾಯಣವು ಕೈಗೆಟುಕುವಂತೆಯೇ ಇದ್ದಿತು; ಅದರ ಹೆಸರು ಆ ಪಟ್ಟಿಯಲ್ಲಿಲ್ಲ.