ಬಲಿಯದ ಕಬ್ಬು, ಮುಗಿಯದ ಆಟ

ಬಲಿಯದ ಕಬ್ಬಿನಿಂದ ಬೆಲ್ಲ ಮಾಡಲು ಹೊರಟವನಿಗೆ ತನ್ನ ತಪ್ಪು ಅಂದೇ ಗೊತ್ತಾಗುತ್ತಿತ್ತು. ಎಷ್ಟು ಕುದಿಸಿದರೂ ಪಾಕ ಸರಿಯಾಗಿ ಕಟ್ಟದು. ಅಚ್ಚಿಗೆ ಹಾಕಿದರೆ ಬೆಲ್ಲ ಮೆತ್ತಗೆ ಉಳಿದು, ಮಳೆಗಾಲ ಬರುವ ಹೊತ್ತಿಗೆ ನೀರೊಡೆಯುವುದು. ಪೇಟೆಗೆ ಒಯ್ದರೆ ವ್ಯಾಪಾರಿ ಬೆರಳಿನಿಂದ ಒತ್ತಿ ನೋಡಿಯೇ ಬೆಲೆ ಇಳಿಸುತ್ತಿದ್ದ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಊರುಗಳಲ್ಲಿ ಚಳಿ ಬಿದ್ದ ಮೇಲೆಯೇ ಗಾಣ ಹೂಡುತ್ತಿದ್ದುದಕ್ಕೆ ಇದಕ್ಕಿಂತ ಬೇರೆ ಶಾಸ್ತ್ರ ಬೇಕಿರಲಿಲ್ಲ.

ಇಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಬೆಲ್ಲದ ಗಾಣಗಳಿಗಿಂತ ಸಕ್ಕರೆ ಕಾರ್ಖಾನೆಗಳ ಚಿಮಣಿಗಳೇ ಎದ್ದು ಕಾಣುತ್ತವೆ. ದಸರೆಯ ಆಸುಪಾಸಿನಲ್ಲಿ ಬಾಯ್ಲರ್ ಪೂಜೆ ನಡೆಯುತ್ತದೆ. ಆಮೇಲೆ ಹಂಗಾಮು ಯಾವಾಗ ಆರಂಭವೆಂಬುದನ್ನು ಕಬ್ಬಿನ ಬಲಿತಕ್ಕಿಂತ ಹೆಚ್ಚಾಗಿ ನೆರೆಯ ಕಾರ್ಖಾನೆಯ ಆತುರ ನಿರ್ಧರಿಸುತ್ತದೆ. ಮುಗಿಯದ ಸರಕನ್ನು ಉದ್ದಿಮೆಯೊಂದು ಗೊತ್ತಿದ್ದೂ ಏಕೆ ಕೈಗೆತ್ತಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಈ ಐದು ತಾಲ್ಲೂಕುಗಳಲ್ಲಿ ಒಳ್ಳೆಯ ಉತ್ತರ ಸಿಗುತ್ತದೆ.

ಬಲಿತ ಎಂದರೇನು? ಬೆಳೆಯುತ್ತಿರುವ ಕಬ್ಬಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಹೆಚ್ಚಿರುತ್ತವೆ. ಇವೂ ಸಿಹಿಯೇ, ಆದರೆ ಹರಳುಗಟ್ಟುವುದಿಲ್ಲ. ಕಾರ್ಖಾನೆಯಲ್ಲಿ ಕಾಕಂಬಿಯ ಪಾಲಾಗುತ್ತವೆ. ರಾತ್ರಿಗಳು ತಣ್ಣಗಾಗಿ, ನೆಲದ ತೇವ ಕಡಿಮೆಯಾದಾಗ ಗಿಡದ ಬೆಳವಣಿಗೆ ನಿಧಾನವಾಗಿ, ಸುಕ್ರೋಸ್ ಬುಡದಿಂದ ತುದಿಯತ್ತ ತುಂಬುತ್ತಾ ಹೋಗುತ್ತದೆ. ಕಬ್ಬಿನ ಬುಡ ಸಿಹಿ, ತುದಿ ಸಪ್ಪೆ ಎಂಬುದು ಮಕ್ಕಳಿಗೂ ಗೊತ್ತಿರುವ ಮಾತು. ಬಲಿತವೆಂದರೆ ಆ ಅಂತರ ಅಳಿಯುವುದು. ಲೆಕ್ಕದಲ್ಲಿ ಹೇಳುವುದಾದರೆ, ಸಕ್ಕರೆ ಇಳುವರಿ ಶೇ 9 ಇದ್ದರೆ ಒಂದು ಟನ್ ಕಬ್ಬಿನಿಂದ 90 ಕಿಲೋ ಸಕ್ಕರೆ, ಶೇ 11 ಇದ್ದರೆ 110 ಕಿಲೋ. ಅದೇ ಹೊಲ, ಅದೇ ನೀರು, ಅದೇ ಗೊಬ್ಬರ. ಕೆಲವು ವಾರಗಳ ತಾಳ್ಮೆಯಷ್ಟೇ ಬೇರೆ.

ಈ ಭಾಗಕ್ಕೆ ಕಾರ್ಖಾನೆ ಬಂದದ್ದು ಬ್ರಿಟಿಷರ ಕಾಲದಲ್ಲಿ. ವಿದೇಶಿ ಸಕ್ಕರೆಯ ಮೇಲೆ ಸುಂಕ ಹೇರಿ ದೇಶಿ ಉದ್ದಿಮೆಗೆ ರಕ್ಷಣೆ ಕೊಟ್ಟ 1932ರ ಕಾನೂನಿನ ನಂತರ ದೇಶದಾದ್ಯಂತ ಕಾರ್ಖಾನೆಗಳು ಎದ್ದವು. ಈಗ ಕಾಗವಾಡ ತಾಲ್ಲೂಕಿನಲ್ಲಿರುವ ಉಗಾರದಲ್ಲಿ ಶಿರಗಾಂವಕರ ಮನೆತನದವರು ಉಗಾರ ಶುಗರ್ ವರ್ಕ್ಸ್ ಕಂಪನಿಯನ್ನು ಸ್ಥಾಪಿಸಿದ್ದು 1939ರಲ್ಲಿ. ಆಗ ಅಥಣಿ, ಚಿಕ್ಕೋಡಿ ತಾಲ್ಲೂಕುಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಬ್ಬಿನ ಹೊಲಗಳ ನಡುವೆಯೇ ಗಡಿ ಹಾದುಹೋಯಿತು. ಭಾಷೆಯ ಗಡಿಯ ಬಗ್ಗೆ ಬೇಕಾದಷ್ಟು ಬರೆದದ್ದಾಗಿದೆ. ಕಬ್ಬಿನ ಗಡಿಯ ಬಗ್ಗೆ ಬರೆದವರು ಕಡಿಮೆ.

ಕಬ್ಬಿಗೆ ಗಡಿ ತಿಳಿಯದು. ನಿಪ್ಪಾಣಿಯ ಟ್ರ್ಯಾಕ್ಟರ್ ಕಾಗಲ್ ಕಡೆಗೂ, ಕಾಗವಾಡದ್ದು ಶಿರೋಳ ಕಡೆಗೂ ಹೋಗಬಲ್ಲದು. ಅತ್ತಲಿನ ಕಬ್ಬು ಇತ್ತಲೂ ಬರಬಲ್ಲದು. ಹಂಗಾಮಿನ ದಿನಾಂಕವನ್ನು ಮಾತ್ರ ಎರಡು ಸರ್ಕಾರಗಳು ಬೇರೆ ಬೇರೆಯಾಗಿ ನಿಗದಿ ಮಾಡುತ್ತವೆ. ಒಂದು ಬದಿಯ ಕಾರ್ಖಾನೆ ಹದಿನೈದು ದಿನ ಮೊದಲು ಚಕ್ರ ತಿರುಗಿಸಿದರೆ, ಕಾದು ಕುಳಿತ ಇನ್ನೊಂದು ಬದಿಯವರಿಗೆ ಬಲಿತ ಕಬ್ಬಲ್ಲ, ಖಾಲಿ ಹೊಲ ಸಿಗುತ್ತದೆ. 1998ರಲ್ಲಿ ಸಕ್ಕರೆ ಉದ್ದಿಮೆಗೆ ಕೈಗಾರಿಕಾ ಪರವಾನಗಿಯ ಕಟ್ಟು ಸಡಿಲವಾದ ಮೇಲೆ ಖಾಸಗಿ ಕಾರ್ಖಾನೆಗಳೂ ಹೆಚ್ಚಿ, ಪೈಪೋಟಿ ಇನ್ನಷ್ಟು ಬಿಗಿಯಾಯಿತು. ಎಲ್ಲರೂ ಕಾದರೆ ಎಲ್ಲರಿಗೂ ಲಾಭ. ಆದರೆ ಒಬ್ಬನೇ ಕಾದರೆ ಅವನಿಗೊಬ್ಬನಿಗೇ ನಷ್ಟ.

ಕಾರ್ಖಾನೆಯವರಿಗೆ ಬೇರೆ ಒತ್ತಡಗಳೂ ಉಂಟು. ಬೀಡ್, ವಿಜಯಪುರ ಕಡೆಯಿಂದ ಬರುವ ಕಡಿಯುವ ಗ್ಯಾಂಗುಗಳಿಗೆ ಮಳೆಗಾಲದಲ್ಲೇ ಮುಂಗಡ ಕೊಟ್ಟಾಗಿರುತ್ತದೆ. ಬ್ಯಾಂಕಿನ ಬಡ್ಡಿ ಹಂಗಾಮಿಗಾಗಿ ಕಾಯುವುದಿಲ್ಲ. ಮೇಲಾಗಿ ಈಗ ಸಿಪ್ಪೆಯಿಂದ ವಿದ್ಯುತ್, ಕಾಕಂಬಿಯಿಂದ ಎಥೆನಾಲ್ ಬರುವುದರಿಂದ ಸಕ್ಕರೆ ಕಡಿಮೆಯಾದ ನಷ್ಟ ಮೊದಲಿನಷ್ಟು ಚುಚ್ಚುವುದಿಲ್ಲ.

ವಿಡಿಯೊ ಗೇಮುಗಳ ಲೋಕದಲ್ಲಿ ನಡೆದದ್ದೂ ಬಹುಮಟ್ಟಿಗೆ ಇದೇ. 1982ರಲ್ಲಿ ಅಮೆರಿಕದ ಅಟಾರಿ ಕಂಪನಿ ‘ಇ.ಟಿ.’ ಸಿನಿಮಾದ ಹೆಸರಿನ ಆಟವನ್ನು ಕ್ರಿಸ್‌ಮಸ್ ಮಾರಾಟಕ್ಕೆ ಮುಟ್ಟಿಸಲು ಒಬ್ಬನೇ ತಂತ್ರಜ್ಞನಿಂದ ಸುಮಾರು ಐದು ವಾರಗಳಲ್ಲಿ ಬರೆಸಿತು. ಆಟ ಸೋತಿತು. ಮಾರಾಟವಾಗದ ಕಾರ್ಟ್ರಿಜ್‌ಗಳು 1983ರಲ್ಲಿ ನ್ಯೂ ಮೆಕ್ಸಿಕೊದ ಅಲಮೊಗೋರ್ಡೊ ಊರಿನ ಕಸದ ಗುಂಡಿ ಸೇರಿದವು. 2014ರಲ್ಲಿ ಅವನ್ನು ಅಗೆದು ತೆಗೆಯಲಾಯಿತು. ಅಂದಿನ ಕಾರ್ಟ್ರಿಜ್ ಬೆಲ್ಲದ ಅಚ್ಚಿನಂತೆ: ಒಮ್ಮೆ ಹೊರಬಂದರೆ ತಿದ್ದುವಂತಿಲ್ಲ. ಇಂಟರ್‌ನೆಟ್ ಮನೆಮನೆಗೆ ಬಂದ ಮೇಲೆ ಆ ಹೆದರಿಕೆ ಹೋಯಿತು. ಇಂದು ಮಾರಿ, ನಾಳೆ ತಿದ್ದಿದರಾಯಿತು! ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿ ‘ಸೈಬರ್‌ಪಂಕ್ 2077’ ಆಟವನ್ನು ಅದೇ ವರ್ಷದಲ್ಲಿ ಮೂರು ಬಾರಿ ಮುಂದೂಡಿ 2020ರ ಡಿಸೆಂಬರ್ 10ರಂದು ಬಿಡುಗಡೆ ಮಾಡಿತು. ಎಂಬತ್ತು ಲಕ್ಷ ಜನ ಮುಂಗಡವಾಗಿ ಕಾಯ್ದಿರಿಸಿದ್ದರು. ಹಳೆಯ ಯಂತ್ರಗಳಲ್ಲಿ ಆಟ ತೊದಲಿತು, ನಿಂತುಹೋಯಿತು. ಸೋನಿ ಒಂದೇ ವಾರದಲ್ಲಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದು, ಕೊಂಡವರಿಗೆ ಹಣ ಮರಳಿಸಲು ಮುಂದಾಯಿತು. ಮುಂದಿನ ವರ್ಷಗಳಲ್ಲಿ ತಿದ್ದಿ ತಿದ್ದಿ ಆಟ ಚೆನ್ನಾಯಿತೆನ್ನಿ. ಕಡಿದ ಕಬ್ಬಿಗೆ ಆ ಭಾಗ್ಯವಿಲ್ಲ.

ಹಾಗಾದರೆ ರೈತ ಏಕೆ ಕಡಿಯಲು ಬಿಡುತ್ತಾನೆ? ಅವನನ್ನು ಬರೀ ಬಲಿಪಶು ಎನ್ನುವುದೂ ಸರಿಯಲ್ಲ. ಬೇಗ ಹೊಲ ಖಾಲಿಯಾದರೆ ಹಿಂಗಾರಿಗೆ ಕಡಲೆಯನ್ನೋ ಗೋಧಿಯನ್ನೋ ಬಿತ್ತಬಹುದು. ಕೃಷಿ ಪತ್ತಿನ ಸಂಘದ ಸಾಲ ತೀರಿಸಬಹುದು. ತಡಮಾಡಿದರೆ ಬೇಸಿಗೆಯಲ್ಲಿ ಗ್ಯಾಂಗು ಸಿಗದೆ ಕಬ್ಬು ಒಣಗುವ ಭಯ ಬೇರೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಬಂದಾಗ ದಿನಗಟ್ಟಲೆ ನೀರಿನಲ್ಲಿ ನಿಂತ ಕಬ್ಬಿನ ಸುಳಿ ಕೊಳೆಯಿತು. ಅಂಥ ಕಬ್ಬನ್ನು ಎಷ್ಟು ಬೇಗ ಸಾಗಿಸಿದರೆ ಅಷ್ಟು ಲಾಭ. ಎಲ್ಲಕ್ಕಿಂತ ಮುಖ್ಯವಾಗಿ, ಕಾಟಾದ ಮೇಲೆ ನಿಂತ ಟ್ರಾಲಿಯ ತೂಕ ನೋಡುತ್ತಾರೆಯೇ ಹೊರತು ಸಿಹಿ ನೋಡುವುದಿಲ್ಲ.

ಸಿಕ್ಕು ಇರುವುದು ಇಲ್ಲಿಯೇ. ಕೇಂದ್ರ ಸರ್ಕಾರದ ಎಫ್‌ಆರ್‌ಪಿ ದರ ಇಳುವರಿಗೆ ಕಟ್ಟಿಬಿದ್ದಿದೆ. 2025–26ರ ಹಂಗಾಮಿಗೆ ಶೇ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಅದರ ಮೇಲೆ ಪ್ರತಿ ಶೇ 0.1ಕ್ಕೆ 3.46 ರೂಪಾಯಿ. ಅಂದರೆ ಇಳುವರಿ ಶೇ 11.25 ಇರುವ ಕಾರ್ಖಾನೆ 10.25ಕ್ಕೆ ಇಳಿದರೆ ಟನ್ನಿಗೆ 346 ರೂಪಾಯಿ ಹೋಯಿತು. ಆದರೆ ಲೆಕ್ಕ ಹಿಡಿಯುವುದು ಇಡೀ ಕಾರ್ಖಾನೆಯ ಸರಾಸರಿ ಇಳುವರಿಯನ್ನು. ಅಕ್ಟೋಬರಿನಲ್ಲಿ ಎಳೆಗಬ್ಬು ಕೊಟ್ಟವನೂ ಜನವರಿಯಲ್ಲಿ ಬಲಿತ ಕಬ್ಬು ಕೊಟ್ಟವನೂ ಒಂದೇ ದರ ಪಡೆಯುತ್ತಾರೆ. ಆತುರದವನ ನಷ್ಟವನ್ನು ತಾಳ್ಮೆಯವನು ತುಂಬುತ್ತಾನೆ. ಗಾಣದಲ್ಲಿ ಕಣ್ಣಿಗೆ ಕಾಣುತ್ತಿದ್ದ ತಪ್ಪು ಸರಾಸರಿಯಲ್ಲಿ ಕರಗಿಹೋಯಿತು.

ಸರ್ಕಾರಗಳು ಸುಮ್ಮನೆ ಕುಳಿತಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ಕಬ್ಬು ಕಡಿಮೆಯಾದೀತೆಂಬ ಅಂಜಿಕೆಯಿಂದ ಮಹಾರಾಷ್ಟ್ರ ಸರ್ಕಾರ ಸೆಪ್ಟೆಂಬರ್‌ನಲ್ಲಿ ಹೊರರಾಜ್ಯಕ್ಕೆ ಕಬ್ಬು ಸಾಗಿಸುವುದನ್ನು ನಿಷೇಧಿಸಿತು. ಹೆಚ್ಚು ಬೆಲೆ ಸಿಗುವಲ್ಲಿಗೆ ತಮ್ಮ ಕಬ್ಬು ಕೊಡುವುದು ತಮ್ಮ ಹಕ್ಕೆಂದು ರೈತ ಸಂಘಟನೆಗಳು ತಿರುಗಿಬಿದ್ದವು. ಕೆಲವೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು. ಮರುವರ್ಷ ಮಹಾರಾಷ್ಟ್ರ ನವೆಂಬರ್ 15ಕ್ಕೆ ಹಂಗಾಮು ನಿಗದಿ ಮಾಡಿದರೆ, ಕರ್ನಾಟಕದಲ್ಲಿ ಅದಕ್ಕೂ ಮೊದಲೇ ನುರಿಸುವುದು ಶುರುವಾಗಿತ್ತು.

ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಪ್ರಾಂತದಲ್ಲಿ ಬೇರೆಯೇ ಪದ್ಧತಿ. ಅಲ್ಲಿ ಪ್ರತಿ ರೈತನ ಕಬ್ಬಿನ ಸಿಹಿಯನ್ನು ಪ್ರತ್ಯೇಕವಾಗಿ ಅಳೆದು ಬೆಲೆ ಕಟ್ಟುತ್ತಾರೆ. ಹಂಗಾಮಿನ ಮೊದಲಿಗೆ ಸರದಿ ಬಂದವನಿಗೆ ಅನ್ಯಾಯವಾಗದಂತೆ ಅವನ ಕಬ್ಬನ್ನು ಆ ವಾರ ಬಂದ ಇತರರ ಕಬ್ಬಿನೊಡನೆ ಹೋಲಿಸುತ್ತಾರೆ. ಅದಕ್ಕೆ ಬೇಕಾದ ಪ್ರಯೋಗಾಲಯ ಚಿಕ್ಕೋಡಿ, ಅಥಣಿ ಭಾಗದ ಕಾರ್ಖಾನೆಗಳಲ್ಲಿ ಇಲ್ಲದೇ ಇಲ್ಲ. ರಸದ ಪರೀಕ್ಷೆ ದಿನವೂ ನಡೆಯುತ್ತದೆ. ಕಾಟಾ ಚೀಟಿಯಲ್ಲಿ ಬರೆದು ರೈತನ ಕೈಗೆ ಕೊಡುವುದು ಮಾತ್ರ ತೂಕವನ್ನು.