ಬೆಂಗಳೂರಿನ ಕಾಯಿಪಲ್ಯದ ವ್ಯಾಪಾರ: ಒಂದು ಚಾರಿತ್ರಿಕ ಪರಾಮರ್ಶೆ

ಧಾನ್ಯಕ್ಕೂ ಕಾಯಿಪಲ್ಯಕ್ಕೂ ವ್ಯಾಪಾರದೃಷ್ಟಿಯಿಂದ ಇರುವ ಭೇದವು ಮೊದಲು ಗಮನಿಸತಕ್ಕುದಾಗಿದೆ. ರಾಗಿಯನ್ನು ಹಗೇವಿನಲ್ಲಿ ತುಂಬಿಟ್ಟ ಒಕ್ಕಲಿಗನು ಒಳ್ಳೆಯ ಬೆಲೆ ಬರುವವರೆಗೆ ಕಾಯಬಲ್ಲನು. ಮುಂಜಾನೆ ಕಿತ್ತ ಸೊಪ್ಪು ಸಂಜೆಗೆ ಬಾಡುವುದರಿಂದ ತೋಟಿಗನಿಗೆ ಕಾಯುವ ಶಕ್ತಿಯಿಲ್ಲ. ದಿನಗೂಲಿಯಿಂದ ಜೀವಿಸುವ ಗೃಹಸ್ಥನಿಗೂ ಅದಿಲ್ಲ. ಅಂದಿನ ಪಲ್ಯವನ್ನು ಅಂದೇ ಕೊಳ್ಳಬೇಕು. ಇವರಿಬ್ಬರ ನಡುವೆ ಯಾವನು ಕಾಯಬಲ್ಲನೋ ಅವನೇ ಬೆಲೆಯನ್ನು ಗೊತ್ತುಮಾಡುತ್ತಾನೆ. ಬೆಳೆದವನಿಗೆ ಅಲ್ಪಮೂಲ್ಯವೂ ಉಣ್ಣುವವನಿಗೆ ಬಾಡಿದ ಪಲ್ಯವೂ ಏಕಕಾಲದಲ್ಲಿ ಪ್ರಾಪ್ತವಾಗುವ ವೈಚಿತ್ರ್ಯಕ್ಕೆ ಇದೇ ಮೂಲಕಾರಣವು. ಬೆಂಗಳೂರು ಪಟ್ಟಣದ ಚರಿತ್ರೆಯನ್ನು ಪರ್ಯಾಲೋಚಿಸಿದರೆ ಈ ವಿಷಯವು ವಿಶದವಾಗುತ್ತದೆ.

ಕ್ಷೇತ್ರಕ್ಕೂ ಗೃಹಕ್ಕೂ ನಡುವೆ ಮೂರನೆಯವನೊಬ್ಬನು ನಿಲ್ಲುವುದು ನೂತನವಾದುದಲ್ಲ. ಮೈಸೂರಿನ ಪ್ರಾಚ್ಯಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಇದಕ್ಕೆ ಪ್ರಮಾಣ. ಹೂ, ಹಣ್ಣು, ಶಾಕ, ಮೂಲ, ಕಂದ ಮೊದಲಾದವುಗಳಲ್ಲಿ ಆರನೆಯ ಒಂದು ಪಾಲನ್ನು ಶುಲ್ಕವಾಗಿ ಗ್ರಹಿಸಬೇಕೆಂದು ಅಲ್ಲಿ ವಿಧಿಸಲ್ಪಟ್ಟಿದೆ. ಹುಟ್ಟಿದ ನೆಲದಲ್ಲಿಯೇ ಪದಾರ್ಥಗಳನ್ನು ಮಾರಕೂಡದೆಂಬ ನಿಷೇಧವೂ, ತೋಟಗಳಿಂದ ನೇರವಾಗಿ ಕಾಯಿಪಲ್ಯಗಳನ್ನು ಕೊಂಡವರಿಗೆ ದಂಡವೂ ಉಂಟು. ಇಷ್ಟರಿಂದ ಆ ಶಾಸ್ತ್ರವು ಕೇವಲ ರಾಜಾದಾಯವನ್ನು ಲಕ್ಷಿಸಿತೆಂದು ಹೇಳಲಾಗದು. ಸ್ವದೇಶದ ಪದಾರ್ಥಗಳಲ್ಲಿ ವರ್ತಕನ ಲಾಭವು ನೂರಕ್ಕೆ ಐದನ್ನು ಮೀರಕೂಡದೆಂಬ ನಿಯಮವೂ ಅದರಲ್ಲಿಯೇ ಇದೆ. ನಡುವೆ ನಿಲ್ಲುವವನನ್ನು ಶಾಸ್ತ್ರಕಾರನು ನಿರಾಕರಿಸಲಿಲ್ಲ. ಅವನನ್ನು ಲೆಕ್ಕಕ್ಕೆ ಒಳಪಡಿಸಿದನು.

ಇನ್ನು ಬೆಂಗಳೂರಿನ ವಿಚಾರ. ೧೫೩೭ರಲ್ಲಿ ಕೆಂಪೇಗೌಡನು ಕಟ್ಟಿಸಿದನೆಂದು ಪ್ರಸಿದ್ಧವಾದ ಈ ಪಟ್ಟಣದ ಪೇಟೆಗಳ ಹೆಸರುಗಳೇ ಒಂದು ಸಾಕ್ಷ್ಯವಾಗಿವೆ. ಅಕ್ಕಿಪೇಟೆ, ರಾಗಿಪೇಟೆ, ತರಗುಪೇಟೆ, ಅರಳೇಪೇಟೆ, ಬಳೇಪೇಟೆಗಳು ಪದಾರ್ಥಗಳಿಂದ ಹೆಸರು ಪಡೆದವು. ಕಾಯಿಪಲ್ಯದ ಹೆಸರಿನ ಪೇಟೆಯಾದರೋ ಈ ಪ್ರಸಿದ್ಧ ನಾಮಾವಳಿಯಲ್ಲಿ ಕಾಣಬರುವುದಿಲ್ಲ. ಅದಕ್ಕೆ ಪ್ರತಿಯಾಗಿ ಬೆಳೆಯುವವರ ಹೆಸರಿನ ತಿಗಳರಪೇಟೆಯಿದೆ. ಕೂಡಿಡಲಾಗುವ ಸರಕಿಗೆ ಪೇಟೆಯೂ ಉಗ್ರಾಣವೂ ಬೇಕು. ಕೂಡಿಡಲಾಗದ ಸರಕಿಗೆ ಬೇಕಾದುದು ಬೆಳೆಯುವವನ ಸಾಮೀಪ್ಯವೊಂದೇ ಎಂದು ಇದರಿಂದ ಊಹಿಸಬಹುದು. ಹೂವು ಕಾಯಿಪಲ್ಯಗಳ ತೋಟಗಾರಿಕೆಯಲ್ಲಿ ನಿಪುಣರಾದ ತಿಗಳರು ಪಟ್ಟಣದ ಕೆರೆಗಳ ಆಸರೆಯಲ್ಲಿ ಕೃಷಿ ಮಾಡುತ್ತಿದ್ದರು. ಅವರ ಕರಗ ಮಹೋತ್ಸವವು ತಿಗಳರಪೇಟೆಯ ಧರ್ಮರಾಯಸ್ವಾಮಿಯ ದೇವಾಲಯದಿಂದ ಹೊರಟು ಹಳೆಯ ಪೇಟೆಯನ್ನೆಲ್ಲ ಸುತ್ತುವುದು, ತೋಟಕ್ಕೂ ಪಟ್ಟಣಕ್ಕೂ ಇದ್ದ ಸಂಬಂಧಕ್ಕೆ ಇಂದಿಗೂ ಉಳಿದಿರುವ ಕುರುಹಾಗಿದೆ.

೧೮೦೯ರಲ್ಲಿ ದಂಡು ಸ್ಥಾಪಿತವಾದ ಮೇಲೆ ಬೇಡಿಕೆಯ ಸ್ವರೂಪವು ಮಾರ್ಪಟ್ಟಿತು. ಹೊಸ ಜನರಿಗೆ ಹೊಸ ಶಾಕಗಳು ಬೇಕಾದವು. ೧೮೭೪ರಿಂದ ೧೯೦೮ರವರೆಗೆ ಲಾಲ್‌ಬಾಗಿನ ಅಧಿಕಾರಿಯಾಗಿದ್ದ ಜಾನ್ ಕ್ಯಾಮರನ್ನನು ಪರದೇಶದ ಅನೇಕ ಸಸ್ಯಗಳನ್ನು ಇಲ್ಲಿ ನೆಲೆಗೊಳಿಸಿದನು. ಸೀಮೆಬದನೆಯನ್ನು ತಂದ ಕೀರ್ತಿಯೂ ಅವನದೆಂದು ಹೇಳುವರು. ನಾವು ಸೀಮೆಬದನೆಯೆಂದು ಕರೆಯುವ ಕಾಯಿಯನ್ನು ತಮಿಳರು ಬೆಂಗಳೂರು ಬದನೆಯೆಂದು ಕರೆಯುತ್ತಾರೆ. ಒಂದೂರಿಗೆ ಸೀಮೆಯಿಂದ ಬಂದುದು ಮತ್ತೊಂದೂರಿಗೆ ಬೆಂಗಳೂರಿನದೇ ಆಯಿತು.

ಪಟ್ಟಣವು ಬೆಳೆದಂತೆ ಕೆರೆಗಳು ಅಳಿದವು. ಧರ್ಮಾಂಬುಧಿಯು ಬಸ್ಸುನಿಲ್ದಾಣವಾಯಿತು, ಸಂಪಂಗಿ ಕೆರೆಯು ಕ್ರೀಡಾಂಗಣವಾಯಿತು, ಸಿದ್ದಿಕಟ್ಟೆಯಿದ್ದ ಸ್ಥಳದಲ್ಲಿ ೧೯೨೦ರ ದಶಕದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯು ಎದ್ದಿತು. ದಂಡಿನ ಪ್ರದೇಶದಲ್ಲಿ ಅದೇ ದಶಕದಲ್ಲಿ ಕಟ್ಟಲ್ಪಟ್ಟ ರಸೆಲ್ ಮಾರುಕಟ್ಟೆಯು ೧೯೩೩ರಲ್ಲಿ ವಿಧ್ಯುಕ್ತವಾಗಿ ತೆರೆಯಲ್ಪಟ್ಟಿತು. ಕಾಯಿಪಲ್ಯಕ್ಕೆ ನೀರೂಡುವ ಕಟ್ಟೆಗಳಿದ್ದಲ್ಲಿ ಕಾಯಿಪಲ್ಯವನ್ನು ಮಾರುವ ಕಟ್ಟಡಗಳು ಬಂದವು. ತೋಟಗಳು ದೂರ ಸರಿದವು. ತಲೆಹೊರೆಯಲ್ಲಿ ತಂದು ಮನೆಯ ಬಾಗಿಲಲ್ಲಿ ಮಾರಬಹುದಾಗಿದ್ದ ತೋಟಿಗನು ಈಗ ಗಾಡಿಯಲ್ಲಿ ತಂದು ಮಂಡಿಯಲ್ಲಿ ಇಳಿಸಬೇಕಾಯಿತು. ದಲ್ಲಾಳಿಯ ಪಾಲು ಮುರಿದುಕೊಂಡು ಉಳಿದುದೇ ತೋಟಿಗನ ಪ್ರಾಪ್ತಿ. ವಸ್ತ್ರದ ಮರೆಯಲ್ಲಿ ಬೆರಳು ಮುಟ್ಟಿ ಬೆಲೆ ಗೊತ್ತುಮಾಡುವ ಪದ್ಧತಿಯು ಭರತಖಂಡದ ಅನೇಕ ಮಂಡಿಗಳಲ್ಲಿ ರೂಢಿಯಲ್ಲಿದ್ದಿತು. ಅಲ್ಲಿ ಸರಕಿನ ಒಡೆಯನಿಗೇ ಸರಕಿನ ಬೆಲೆಯು ಅಗೋಚರವಾಗಿದ್ದಿತು.

ಇದಕ್ಕೆ ಪರಿಹಾರದ ಮಾರ್ಗವು ಸಹಕಾರತತ್ತ್ವದಿಂದ ಒದಗಿತು. ೧೯೦೫ರಲ್ಲಿ ಗದುಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿಕರ ಸಹಕಾರ ಸಂಘವನ್ನು ಸ್ಥಾಪಿಸಿದರು. ಮೈಸೂರು ಸಂಸ್ಥಾನದಲ್ಲಿ ಸಹಕಾರ ಸಂಘಗಳ ಶಾಸನವು ಜಾರಿಗೆ ಬಂದುದೂ ಅದೇ ವರ್ಷ. ಆದರೆ ಆ ಕಾಲದ ಸಂಘಗಳ ಮುಖ್ಯಕಾರ್ಯವು ಸಾಲ ಕೊಡುವುದಾಗಿದ್ದಿತೇ ಹೊರತು ಮಾರಾಟವಲ್ಲ. ೧೯೫೯ರಲ್ಲಿ ಡಾ. ಎಂ. ಎಚ್. ಮರಿಗೌಡರ ಪ್ರೇರಣೆಯಿಂದ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಮಾರಾಟ ಸಂಘವು ಹುಟ್ಟಿದುದು ಈ ದೃಷ್ಟಿಯಿಂದ ಮಹತ್ತ್ವದ ಘಟನೆ. ಮೊದಲು ಸಂಘಟಿತರಾದವರು ದ್ರಾಕ್ಷಿಯವರೆಂಬುದು ಆಕಸ್ಮಿಕವಲ್ಲ. ಬಲುಬೇಗ ಕೆಡುವ ಹಣ್ಣಿನ ಒಡೆಯನಿಗೇ ಕಾಯಲಾರದ ಸಂಕಟವು ಅಧಿಕವಷ್ಟೆ. ಕ್ರಮೇಣ ಇತರ ಹಣ್ಣುಗಳೂ ಕಾಯಿಪಲ್ಯಗಳೂ ಸೇರಿ, ೧೯೮೦ರ ದಶಕದಲ್ಲಿ ಅದು ತೋಟಗಾರಿಕೆ ಉತ್ಪಾದಕರ ಸಹಕಾರ ಮಾರಾಟ ಮತ್ತು ಸಂಸ್ಕರಣ ಸಂಘವೆಂಬ ಹೆಸರನ್ನು ತಳೆಯಿತು. ಜನರ ಬಾಯಲ್ಲಿ ಅದು ಹಾಪ್‌ಕಾಮ್ಸ್.

ಈ ಸಂಘದ ಕ್ರಮವು ಮೂರು ಅಂಶಗಳಲ್ಲಿ ಅಡಗಿದೆ: ಸದಸ್ಯ ಬೆಳೆಗಾರನಿಂದ ನೇರವಾಗಿ ಕೊಳ್ಳುವುದು, ದಿನದಿನದ ದರವನ್ನು ಗೊತ್ತುಮಾಡಿ ಫಲಕದಲ್ಲಿ ಬರೆಯುವುದು, ಬಡಾವಣೆಗಳಲ್ಲಿ ಚಿಕ್ಕ ಮಳಿಗೆಗಳನ್ನಿಟ್ಟು ತೂಕದಲ್ಲಿ ಮೋಸವಿಲ್ಲದೆ ಮಾರುವುದು. ವಸ್ತ್ರದ ಮರೆಯ ಬೆಲೆಯು ಹೀಗೆ ಫಲಕಕ್ಕೆ ಏರಿತು.

ಬೆಳೆದವನೇ ಬಂದು ಮಾರುವ ಸಂತೆಯಿಂದಲೇ ಈ ಕಾರ್ಯವು ಸಾಧ್ಯವಲ್ಲವೇ ಎಂದು ಆಕ್ಷೇಪವು ಬರಬಹುದು. ನೆರೆಯ ಪ್ರಾಂತಗಳಲ್ಲಿ ಅದೂ ಪರೀಕ್ಷಿಸಲ್ಪಟ್ಟಿದೆ. ೧೯೯೯ರ ಜನವರಿಯಲ್ಲಿ ಆಂಧ್ರಪ್ರದೇಶದ ರೈತುಬಜಾರುಗಳೂ, ಅದೇ ವರ್ಷದ ನವೆಂಬರಿನಲ್ಲಿ ಮಧುರೆಯಲ್ಲಿ ಮೊದಲ್ಗೊಂಡ ಉಳವರ್ ಸಂದೈಗಳೂ ಈ ಜಾತಿಯವು. ಅಲ್ಲಿ ಬೆಳೆಗಾರನಿಗೆ ಗುರುತಿನ ಚೀಟಿಯುಂಟು. ಇದು ಶ್ಲಾಘ್ಯವೇ. ಆದರೆ ಒಂದು ಕೈಯಿಂದ ತೋಟವನ್ನೂ ಮತ್ತೊಂದರಿಂದ ತಕ್ಕಡಿಯನ್ನೂ ಹಿಡಿಯುವುದು ಎಲ್ಲರಿಗೂ ಶಕ್ಯವಲ್ಲ. ಮಾರುತ್ತ ಕುಳಿತ ಹೊತ್ತು ಉತ್ತುವ ಹೊತ್ತಿಗೆ ನಷ್ಟ.

ಸಂಘದ ಕಾರ್ಯವೂ ಪೂರ್ಣವಾಯಿತೆಂದು ಹೇಳಲಾಗದು. ಕಾಯಂ ಮಳಿಗೆಯು ಸ್ಥಿರವಾದ ಬಡಾವಣೆಗೆ ಒಪ್ಪುವಷ್ಟು, ಕೂಲಿಕಾರರ ಓಣಿಗೆ ಒಪ್ಪುವುದಿಲ್ಲ. ಸಂಜೆ ಕೂಲಿ ಕೈಸೇರಿದ ಮೇಲೆ ಕಟ್ಟು ಸೊಪ್ಪು, ನಾಲ್ಕು ಬದನೆಕಾಯಿ ಕೊಳ್ಳುವ ಗೃಹಿಣಿಯನ್ನು ತಲುಪುವವನು ಇಂದಿಗೂ ತಳ್ಳುಗಾಡಿಯವನೇ. ಅವನ ಗಾಡಿಯಲ್ಲಿ ಆ ಹೊತ್ತಿಗೆ ಉಳಿದಿರುವುದು ದಿನವೆಲ್ಲ ಬಿಸಿಲುಂಡ ಪಲ್ಯ. ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ಮಂಡಿಗಳ ದಾರಿ ಕಟ್ಟಿದಾಗ ಸಂಘದ ವಾಹನಗಳು ಬೀದಿಬೀದಿಗೆ ಹೋಗಿ ಮಾರಿದವು. ಮಳಿಗೆಯು ಚಲಿಸಬಲ್ಲುದೆಂಬುದು ಆಗ ದೃಷ್ಟಾಂತದಿಂದಲೇ ಸಿದ್ಧವಾಯಿತು. ಆಪತ್ಕಾಲದಲ್ಲಿ ನಡೆದುದು ನಿತ್ಯವಿಧಿಯಾಗಲಿಲ್ಲವೆಂಬುದೇ ಶೋಚನೀಯ.

ಆದುದರಿಂದ ನಿಷ್ಕರ್ಷವಿದು. ನಡುವಿನವನನ್ನು ತೆಗೆದುಹಾಕುವುದರಿಂದ ತೋಟವೂ ಅಡುಗೆಮನೆಯೂ ಸಮೀಪಿಸುವುದಿಲ್ಲ. ಎರಡು ಕಡೆಗೂ ಲೆಕ್ಕ ಒಪ್ಪಿಸುವ ನಡುವಿನವನು ಬೇಕು. ಬೆಳೆಗಾರನ ಪರವಾಗಿ ಅವನು ಕಾಯಬೇಕು, ಬಡವನ ಮನೆಯವರೆಗೆ ನಡೆಯಬೇಕು. ಮೊದಲನೆಯದನ್ನು ಬೆಂಗಳೂರು ೧೯೫೯ರಿಂದ ಬಹುಮಟ್ಟಿಗೆ ಸಾಧಿಸಿದೆ, ಎರಡನೆಯದು ಉಳಿದಿದೆ.