ಮೇ ತಿಂಗಳಲ್ಲಿ ಹಿನಾ ಅತ್ತರು

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ, ಮಲ್ಕಾಜ್‌ಗಿರಿಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಾನು ಮತ್ತು ಮೇಲಿನ ಮಹಡಿಯ ಒಬ್ಬರು ಇಬ್ಬರೇ ಇದ್ದೆವು. ಅವರು ಒಮ್ಮೆ ಉಸಿರೆಳೆದು ತೆಲುಗಿನಲ್ಲಿ, "ಏಂಟೀ ಕಂಪು?" ಎಂದರು. ನನ್ನ ಕನ್ನಡದ ಕಿವಿ ಅರೆಕ್ಷಣ ಹಿಗ್ಗಿತು. ನಾನು ಕೈಗೆ ಹಿನಾ ಅತ್ತರು ಹಚ್ಚಿಕೊಂಡಿದ್ದೆ, ಇವರು ಅದರ ಕಂಪನ್ನು ಮೆಚ್ಚುತ್ತಿದ್ದಾರೆ ಅಂದುಕೊಂಡೆ. ಆಮೇಲೆ ನೆನಪಾಯಿತು, ತೆಲುಗಿನಲ್ಲಿ ಕಂಪು ಎಂದರೆ ದುರ್ನಾತ. ಅವರ ಮುಂದಿನ ಪ್ರಶ್ನೆ ಇನ್ನೂ ಸ್ಪಷ್ಟವಾಗಿತ್ತು: "ಓಲ್ಡ್ ಸಿಟಿ ಕಡೆ ಹೋಗಿದ್ದಿರಾ?"

ಅದೇ ವಾರ ನನ್ನ ಮೇಜಿನ ಮೇಲೆ ಒಂದು ಅನುವಾದದ ಕೆಲಸವಿತ್ತು. ಸುಗಂಧದ್ರವ್ಯ ಮಾರುವ ಕಂಪನಿಯೊಂದರ ಪ್ರಶ್ನಾವಳಿ. ನಿಮ್ಮ ವ್ಯಕ್ತಿತ್ವಕ್ಕೆ ಒಪ್ಪುವ ಪರ್ಫ್ಯೂಮ್ ಯಾವುದು? ನೀವು ದಿಟ್ಟರೋ, ನಿಗೂಢರೋ, ಕನಸುಗಾರರೋ? ವಾರಾಂತ್ಯಕ್ಕೆ ಬೆಟ್ಟಕ್ಕೆ ಹೋಗುತ್ತೀರೋ, ಪುಸ್ತಕ ಹಿಡಿದು ಕೂರುತ್ತೀರೋ? ಹತ್ತು ಉತ್ತರ ಕೊಟ್ಟರೆ ಒಂದು ಬಾಟಲಿಯ ಹೆಸರು ಬರುತ್ತದೆ. ಪ್ರಶ್ನಾವಳಿಯ ಪ್ರಕಾರ ನನ್ನ ಮೈಯಿಂದ ಬರುವ ಪರಿಮಳ ನಾನು ಯಾರು ಎಂದು ಹೇಳುತ್ತದೆ. ಲಿಫ್ಟಿನ ಪ್ರಕಾರ ಅದು ನಾನು ಯಾವ ಜನರ ಕಡೆಯವರು ಎಂದು ಹೇಳುತ್ತದೆ. ಎರಡೂ ಒಪ್ಪಿಗೆಯಾಗದೆ ಹಳೆಯ ಪುಸ್ತಕಗಳ ಕಡೆ ಹೋದೆ. ಈ ಪ್ರಬಂಧ ಅಲ್ಲಿಂದ ಹುಟ್ಟಿತು.

ಮೊದಲು ಮಾತುಗಳ ವಿಷಯ. ತೆಲುಗಿನವರ ಕಂಪನ್ನು ನೋಡಿ ನಗಬೇಕಿಲ್ಲ. ನಮ್ಮ 'ನಾತ'ಕ್ಕೂ ಅದೇ ಗತಿಯಾಗಿದೆ. ಹಳಗನ್ನಡದ 'ನಾಱು' ಕ್ರಿಯಾಪದಕ್ಕೆ ವಾಸನೆ ಬೀರು ಎಂದಷ್ಟೇ ಅರ್ಥ, ಹೂವೂ ನಾರಬಹುದಿತ್ತು. ಇಂದು ಚರಂಡಿ ಮಾತ್ರ ನಾರುತ್ತದೆ. ತಮಿಳಿನ 'ನಾಟ್ರಂ' ಕೂಡ ಇದೇ ದಾರಿ ಹಿಡಿಯಿತು. ವಾಸನೆಯ ಪದಗಳು ತಟಸ್ಥವಾಗಿ ಹುಟ್ಟಿ ಒಂದು ಪಕ್ಷಕ್ಕೆ ವಾಲುವುದು ಭಾಷಾಶಾಸ್ತ್ರದಲ್ಲಿ ಹೊಸದಲ್ಲ. ವಾಸನೆ ಒಂದೇ, ಅದು ಯಾರ ಕಡೆಯಿಂದ ಬಂತು ಎನ್ನುವುದರ ಮೇಲೆ ಪದ ಬದಲಾಗುತ್ತದೆ.

'ವಾಸನೆ'ಯ ಕಥೆ ಇನ್ನೂ ಸ್ವಾರಸ್ಯದ್ದು. ಸಂಸ್ಕೃತದ ಗಂಧಶಾಸ್ತ್ರದಲ್ಲಿ ಅದೊಂದು ತಾಂತ್ರಿಕ ಪದ. ಗಂಗಾಧರನ 'ಗಂಧಸಾರ'ದಲ್ಲಿ ಸುಗಂಧ ತಯಾರಿಸುವ ಆರು ಕ್ರಮಗಳು ಬರುತ್ತವೆ: ಭಾವನ, ಪಾಚನ, ಬೋಧ, ವೇಧ, ಧೂಪನ, ವಾಸನ. ಕೊನೆಯದೆಂದರೆ ಹೂವಿನ ಪರಿಮಳವನ್ನು ಇನ್ನೊಂದು ವಸ್ತುವಿಗೆ ಹತ್ತಿಸುವುದು. ಎಳ್ಳನ್ನು ಮಲ್ಲಿಗೆಯ ಪದರಗಳ ನಡುವೆ ಇಟ್ಟು, ಹೂ ಬಾಡಿದಂತೆ ಹೊಸ ಹೂ ಹಾಕುತ್ತ ಹೋದರೆ, ಕೊನೆಗೆ ಗಾಣದಿಂದ ಬರುವ ಎಣ್ಣೆ ಮಲ್ಲಿಗೆಯದಾಗಿರುತ್ತದೆ. ಬೌದ್ಧ ದಾರ್ಶನಿಕರು ಇದೇ ಎಳ್ಳಿನ ಉಪಮೆ ಹಿಡಿದು ಮನಸ್ಸನ್ನು ವಿವರಿಸಿದರು: ಮಾಡಿದ ಕರ್ಮ, ಕಂಡ ನೋಟ ಎಲ್ಲವೂ ಚಿತ್ತಕ್ಕೆ ಹತ್ತುತ್ತವೆ, ಅದೇ ವಾಸನೆ. ಪೂರ್ವಜನ್ಮದ ವಾಸನೆ ಎಂದು ನಾವು ಇಂದಿಗೂ ಹೇಳುವುದು ಅದನ್ನೇ. ಹಾಗೆ ನೋಡಿದರೆ ವ್ಯಕ್ತಿತ್ವ ಎನ್ನುವುದು ಸಹವಾಸದಿಂದ ನಮಗೆ ಹತ್ತಿದ್ದು. ಪ್ರಶ್ನಾವಳಿ ಹೇಳುವುದು ಇದಕ್ಕೆ ತಿರುಗುಮುರುಗು: ವ್ಯಕ್ತಿತ್ವ ಒಳಗೆ ಮೊದಲೇ ಸಿದ್ಧವಾಗಿದೆ, ಪರ್ಫ್ಯೂಮ್ ಅದರ ಲೇಬಲ್ಲು.

ಈ ಲೇಬಲ್ಲಿನ ಕಲ್ಪನೆಗೆ ವಯಸ್ಸು ಹೆಚ್ಚಿಲ್ಲ. 1882ರಲ್ಲಿ ಫ್ರಾನ್ಸಿನ ಊಬಿಗಾಂ ಸಂಸ್ಥೆ 'ಫೂಜೇರ್ ರೊಯಾಲ್' ತಂದಿತು. ಪ್ರಯೋಗಶಾಲೆಯಲ್ಲಿ ತಯಾರಾದ ಕುಮರಿನ್ ಅದರಲ್ಲಿತ್ತು. 1889ರಲ್ಲಿ ಗೆರ್ಲಾಂ 'ಜಿಕಿ' ತಂದಿತು. ಕೃತಕ ಅಣುಗಳು ಬಂದ ಮೇಲೆ ಪರಿಮಳ ಅಗ್ಗವಾಯಿತು, ಹಾಗೆಯೇ ಯಾವ ಹೂವನ್ನೂ ಹೋಲದ ಪರಿಮಳಗಳೂ ಸಾಧ್ಯವಾದವು. ಹೂವಿನ ಹೆಸರಿಲ್ಲದ ಪರಿಮಳವನ್ನು ಏನೆಂದು ಮಾರುವುದು? ಮನುಷ್ಯರ ಹೆಸರಿನಲ್ಲಿ. 1973ರಲ್ಲಿ ರೆವ್ಲಾನ್ 'ಚಾರ್ಲಿ'ಯನ್ನು ತಂದಾಗ ಜಾಹೀರಾತಿನಲ್ಲಿದ್ದುದು ಪ್ಯಾಂಟು ತೊಟ್ಟು ದಾಪುಗಾಲು ಹಾಕುವ ಹೆಣ್ಣು. ಕೊಳ್ಳುವವರು ಮಲ್ಲಿಗೆಯ ಜೊತೆಗೆ ಆ ನಡಿಗೆಯನ್ನೂ ಕೊಂಡರು. ನನ್ನ ಮೇಜಿನ ಪ್ರಶ್ನಾವಳಿ ಆ ವಂಶದ್ದು.

ನಮ್ಮ ದಖನ್ನಿನಲ್ಲಿ ಪರಿಮಳ ಆರಿಸುವವರು ಏನು ಕೇಳಿಕೊಳ್ಳುತ್ತಿದ್ದರು? ನಾನು ಹುಡುಕಿದ್ದು ಅದನ್ನು. ಹಿನ್ನೆಲೆಗೆ ಆರನೇ ಶತಮಾನದ ವರಾಹಮಿಹಿರನಿಂದ ಶುರುಮಾಡಬಹುದು. ಅವನ 'ಬೃಹತ್ಸಂಹಿತೆ'ಯ ಗಂಧಯುಕ್ತಿ ಅಧ್ಯಾಯ ಆರಂಭವಾಗುವುದು ನರೆಗೂದಲಿನಿಂದ. ತಲೆ ಬೆಳ್ಳಗಾದವರಿಗೆ ಹೂವು, ಗಂಧ, ಬಟ್ಟೆ ಯಾವುದೂ ಶೋಭಿಸುವುದಿಲ್ಲವಾದ್ದರಿಂದ ಮೊದಲು ಕೂದಲಿಗೆ ಬಣ್ಣ! ಆಮೇಲೆ ಅವನು ಗಣಿತಕ್ಕೆ ಇಳಿಯುತ್ತಾನೆ. 16 ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ 1,820 ಗುಂಪು. ಪ್ರಮಾಣ ಬದಲಿಸಿದರೆ ಪ್ರತಿ ಗುಂಪಿಗೆ 96 ಬಗೆ. ಒಟ್ಟು 1,74,720 ಸುಗಂಧಗಳು. ಆಯ್ಕೆಯ ಗೊಂದಲ ಇಂದಿನ ಮಾಲುಗಳದ್ದು ಮಾತ್ರ ಎಂದುಕೊಂಡವರು ಈ ಲೆಕ್ಕ ನೋಡಬೇಕು.

ಕನ್ನಡದಲ್ಲಿ ಈ ವಿದ್ಯೆ 1025ರ ಸುಮಾರಿಗೆ ಸಿಗುತ್ತದೆ. ಚಾಲುಕ್ಯ ಜಯಸಿಂಹನ ಕಾಲದ ಚಾವುಂಡರಾಯ (ಗೊಮ್ಮಟನನ್ನು ನಿಲ್ಲಿಸಿದವನಲ್ಲ, ಅವನ ನಂತರದವನು) ಬರೆದ 'ಲೋಕೋಪಕಾರ'ದಲ್ಲಿ ಮನೆ ಕಟ್ಟುವುದು, ಅಂತರ್ಜಲ ಹುಡುಕುವುದು, ಗಿಡಮರಗಳ ವೈದ್ಯ, ಅಡುಗೆ ಇವುಗಳ ಸಾಲಿನಲ್ಲೇ ಸುಗಂಧ ತಯಾರಿಕೆಯೂ ಇದೆ. ಅಂದರೆ ಸಂಸಾರಸ್ಥರಿಗೆ ಗೊತ್ತಿರಬೇಕಾದ ಕೆಲಸಗಳಲ್ಲಿ ಅದೂ ಒಂದು. ಈ ಪುಸ್ತಕದ ಇಂಗ್ಲಿಷ್ ಅನುವಾದ 2006ರಲ್ಲಿ ಪ್ರಕಟವಾದದ್ದು ನಮ್ಮ ಮಲ್ಕಾಜ್‌ಗಿರಿಯ ಪಕ್ಕದ ಸಿಕಂದರಾಬಾದಿನಿಂದ, ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ನಿನ ಮೂಲಕ. ಕನ್ನಡದ ಸುಗಂಧವಿದ್ಯೆಯ ಜಾಡು ನಮ್ಮ ಓಣಿಯ ಹತ್ತಿರವೇ ಹಾದುಹೋಗಿದೆ ಎಂದು ತಿಳಿದಾಗ ಖುಷಿಯಾಯಿತು.

ನೂರು ವರ್ಷ ಕಳೆದು, ಹೈದರಾಬಾದಿನಿಂದ ಮುಂಬೈ ಹೆದ್ದಾರಿ ಹಿಡಿದರೆ ಸಿಗುವ ಇಂದಿನ ಬಸವಕಲ್ಯಾಣದಲ್ಲಿ, ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' ರಚಿತವಾಯಿತು. ರಾಜನ 20 ಉಪಭೋಗಗಳಲ್ಲಿ ಸ್ನಾನ, ವಿಲೇಪನ, ಮಾಲೆ, ಧೂಪ ಇವಕ್ಕೆ ಬೇರೆ ಬೇರೆ ಅಧ್ಯಾಯಗಳಿವೆ. ಮೈಗೆ ಹಚ್ಚುವ ಲೇಪ ಋತುವಿನ ಜೊತೆ ಬದಲಾಗಬೇಕು ಎನ್ನುವುದು ಇಲ್ಲಿಯ ತಿಳಿವಳಿಕೆ. ಅದರ ಬೇರು ವೈದ್ಯದಲ್ಲಿದೆ. 'ಚರಕಸಂಹಿತೆ'ಯ ಋತುಚರ್ಯೆಯಲ್ಲೇ ಚಳಿಗಾಲಕ್ಕೆ ಅಗರು, ಬೇಸಗೆಗೆ ಚಂದನ ಎಂದಿದೆ. ಕಸ್ತೂರಿ, ಕೇಸರಿ, ಅಗರು ಉಷ್ಣ. ಗಂಧ, ಕರ್ಪೂರ, ಲಾವಂಚ ಶೀತ.

ವಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹಿ (1580–1627) ಆಳುವಾಗ ನಿಜಾಮುದ್ದೀನ್ ಮಹಮೂದ್ ಎಂಬವನು ಸುಲ್ತಾನನಿಗಾಗಿ ಪರ್ಷಿಯನ್ನಿನಲ್ಲಿ 'ಇತ್ರ್-ಎ-ನೌರಸ್ ಶಾಹಿ' ಬರೆದ. ಹೆಸರಿನೊಳಗೆ ನಮ್ಮ ನವರಸ ಕೂತಿರುವುದನ್ನು ಗಮನಿಸಿ. ಸುಲ್ತಾನನಿಗೆ ಆ ಪದದ ಮೋಹ ಎಷ್ಟಿತ್ತೆಂದರೆ, ತನ್ನ ಹಾಡುಗಳ ಪುಸ್ತಕಕ್ಕೂ ಹೊಸದಾಗಿ ಕಟ್ಟಿಸಿದ ಪಟ್ಟಣಕ್ಕೂ ಅದನ್ನೇ ಇಟ್ಟ. ಯುನಾನಿ ವೈದ್ಯದ 'ಮಿಜಾಜ್' ಕೂಡ ದ್ರವ್ಯಗಳನ್ನು ಬಿಸಿ-ತಂಪು, ಒಣ-ಹಸಿ ಎಂದೇ ವಿಂಗಡಿಸುತ್ತದೆ. ಕಲ್ಯಾಣದ ಸಂಸ್ಕೃತ, ವಿಜಾಪುರದ ಪರ್ಷಿಯನ್, ಎರಡರ ಗಂಧದ ಪೆಟ್ಟಿಗೆಯಲ್ಲೂ ಕಸ್ತೂರಿ, ಕರ್ಪೂರ, ಚಂದನಗಳೇ. ನನ್ನ ನೆರೆಯವರು ಓಲ್ಡ್ ಸಿಟಿಯದು ಎಂದು ಗುರುತು ಹಿಡಿದ ಪರಿಮಳಕ್ಕೆ ಕಲ್ಯಾಣದ ಅರಮನೆಯೂ ಹಕ್ಕುದಾರನೇ.

ಹಾಗೆಂದು ಅದೊಂದು ಸರ್ವಸಮ್ಮತ ಸುವರ್ಣಯುಗವಲ್ಲ. ಕಸ್ತೂರಿ ಹಚ್ಚಿಕೊಂಡವರು ಯಾರು, ತೇಯ್ದವರು ಯಾರು ಎಂಬ ಪ್ರಶ್ನೆ ಇದ್ದೇ ಇದೆ. ಶ್ರೀಗಂಧವನ್ನೇ ನೋಡಿ. 1792ರಲ್ಲಿ ಟಿಪ್ಪು ಅದನ್ನು ರಾಜವೃಕ್ಷ ಎಂದು ಸಾರಿದ. ರೈತರ ಹೊಲದಲ್ಲಿ ಬೆಳೆದ ಗಂಧದ ಮರ ಮುಂದೆ ಎರಡು ಶತಮಾನ ಸರ್ಕಾರದ್ದಾಗಿಯೇ ಉಳಿಯಿತು. 2001ರ ಕಾನೂನು ತಿದ್ದುಪಡಿಯ ನಂತರವೇ ಕರ್ನಾಟಕದಲ್ಲಿ ಬೆಳೆದವರಿಗೆ ಒಡೆತನ ಸಿಕ್ಕಿದ್ದು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಗಂಧದ ಕೊರಡು ಹೋಗುವುದು ನಿಂತಾಗ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯತೊಡಗಿತು, ಸಾಬೂನೂ ಬಂತು. ಅರಮನೆಯ ಪರಿಮಳ ಬಚ್ಚಲುಮನೆಗೆ ಇಳಿದದ್ದು ಹಾಗೆ.

ಇಷ್ಟು ಓದಿಕೊಂಡು ಜೂನ್ ಮೊದಲ ವಾರ ಚಾರ್ಮಿನಾರ್ ಹತ್ತಿರದ ಒಂದು ಅತ್ತರಿನ ಅಂಗಡಿಗೆ ಹೋದೆ. ನನಗೆ ಒಪ್ಪುವಂಥದ್ದು ಕೊಡಿ ಎಂದೆ. ಅಂಗಡಿಯ ಹಿರಿಯರು ನಾನು ದಿಟ್ಟರೋ ನಿಗೂಢರೋ ಎಂದು ಕೇಳಲಿಲ್ಲ. ಈಗಲೇ ಹಚ್ಚಲಿಕ್ಕೋ, ಚಳಿಗಾಲಕ್ಕೋ? ಮನೆಯಲ್ಲೋ, ಮದುವೆಗೋ? ಇಷ್ಟೇ ಪ್ರಶ್ನೆ. ಹಿಂದೆ ಯಾವುದು ಹಚ್ಚುತ್ತಿದ್ದಿರಿ ಎಂದಾಗ ಹಿನಾ ಎಂದೆ. ಈ ಬಿಸಿಲಿಗೆ ಹಿನಾ ಹಚ್ಚಿದಿರಾ ಎಂದು ನಕ್ಕರು. ಹಿನಾ, ಶಮಾಮಾ ಎಂದರೆ ಬೇರು, ಮಸಾಲೆ, ಗಿಡಮೂಲಿಕೆಗಳನ್ನು ಕೂಡಿಸಿ ಬಟ್ಟಿ ಇಳಿಸಿದ ಬಿಸಿ ಅತ್ತರು. ಅದು ಡಿಸೆಂಬರಿನದು. ಬೇಸಗೆಗೆ ಖಸ್, ಎಂದರೆ ನಮ್ಮ ಲಾವಂಚ. ಇಲ್ಲವೇ ಮೊದಲ ಮಳೆಯ ವಾಸನೆಯ ಮಿಟ್ಟಿ, ಇಲ್ಲವೇ ಮೊಗ್ರಾ.

ನನ್ನ ಸಿಟ್ಟು ಅಲ್ಲಿ ಸ್ವಲ್ಪ ಇಳಿಯಿತು. ಸೋಮೇಶ್ವರನ ಲೆಕ್ಕದಲ್ಲೂ ವಿಜಾಪುರದ ಲೆಕ್ಕದಲ್ಲೂ ತಪ್ಪಿದ್ದು ನಾನೇ. 40 ಡಿಗ್ರಿ ಬಿಸಿಲಿನಲ್ಲಿ, ಕಿಟಕಿಯಿಲ್ಲದ ಲಿಫ್ಟಿನಲ್ಲಿ, ಚಳಿಗಾಲದ ಅತ್ತರು. ನೆರೆಯವರ ಮೊದಲ ಮಾತಿಗೆ ಕಾರಣವಿತ್ತು. ಎರಡನೆಯದಕ್ಕೆ ಇರಲಿಲ್ಲ.

ಹಾಗಾದರೆ 'ನನಗೆ ಒಪ್ಪುವ ಪರಿಮಳ' ಎಂಬುದೇ ಇಲ್ಲವೇ? ಇದೆ, ಆದರೆ ಅದು ಸ್ವಭಾವಕ್ಕಿಂತ ಚರ್ಮಕ್ಕೆ ಹತ್ತಿರ. 2001ರಲ್ಲಿ ಮಿಲಿನ್ಸ್ಕಿ ಮತ್ತು ವೆಡೆಕಿಂಡ್ 137 ವಿದ್ಯಾರ್ಥಿಗಳಿಗೆ ಹಲವು ಗಂಧಗಳನ್ನು ಮೂಸಲು ಕೊಟ್ಟರು. ತಮ್ಮ ಮೈಗೆ ಯಾವುದು ಬೇಕು ಎಂಬ ಆಯ್ಕೆಗೂ ಅವರವರ ರೋಗನಿರೋಧಕ ವ್ಯವಸ್ಥೆಯ ವಂಶವಾಹಿಗಳಿಗೂ ಸಂಬಂಧ ಕಂಡಿತು. ಸಂಗಾತಿಗೆ ಯಾವುದು ಬೇಕು ಎಂದು ಕೇಳಿದಾಗ ಅಂಥ ಸಂಬಂಧ ಕಾಣಲಿಲ್ಲ. 2012ರಲ್ಲಿ ಝೆಕ್ ಸಂಶೋಧಕರು, ಜನ ತಾವೇ ಆರಿಸಿದ ಪರ್ಫ್ಯೂಮ್ ಅವರ ಮೈವಾಸನೆಯೊಂದಿಗೆ ಬೆರೆತಾಗ, ಬೇರೆಯವರು ಆರಿಸಿಕೊಟ್ಟದ್ದಕ್ಕಿಂತ ಹಿತವಾಗಿರುತ್ತದೆ ಎಂದು ತೋರಿಸಿದರು. ಸ್ವಂತ ಮೂಗು ಪ್ರಶ್ನಾವಳಿಗಿಂತ ನಂಬಿಕೆಗೆ ಅರ್ಹ.

ಆದ್ದರಿಂದ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟು. ಕಾಗದದ ಪಟ್ಟಿಯನ್ನು ಮೂಸಿ ನಿರ್ಧರಿಸಬೇಡಿ. ಒಂದೊಂದು ಮಣಿಕಟ್ಟಿಗೆ ಒಂದೊಂದು ಹಚ್ಚಿ, ಅಂಗಡಿಯಿಂದ ಹೊರಗೆ ಬನ್ನಿ. ನಿಂಬೆ ಜಾತಿಯ ಹಗುರ ಅಣುಗಳು ಕೆಲವೇ ನಿಮಿಷಗಳಲ್ಲಿ ಹಾರಿಹೋಗುತ್ತವೆ, ಗಂಧದಂಥ ಭಾರದವು ಗಂಟೆಗಟ್ಟಲೆ ಉಳಿಯುತ್ತವೆ. ಸಂಜೆಗೆ ಉಳಿದದ್ದೇ ನೀವು ಕೊಳ್ಳುವ ಪರಿಮಳ. ಅತ್ತರಾದರೆ ಅದರ ತಳದ ಎಣ್ಣೆ ಯಾವುದು ಎಂದು ಕೇಳಿ. ಶ್ರೀಗಂಧದೆಣ್ಣೆ ದುಬಾರಿಯಾದ ಮೇಲೆ ಪ್ಯಾರಾಫಿನ್ ಎಣ್ಣೆ ಬಳಸುವುದು ಸಾಮಾನ್ಯ. ಮತ್ತೆ, ಋತು ನೋಡಿ, ಜೊತೆಗಿರುವವರನ್ನು ನೋಡಿ. ಪರಿಮಳ ನಾವು ಹಚ್ಚುವುದಾದರೂ ಉಸಿರಾಡುವವರು ಅವರೂ ಹೌದು.

ಪ್ರಶ್ನಾವಳಿಯ ಅನುವಾದವನ್ನು ಒಪ್ಪಿಸಿದೆ. ನೀವು ಇರುವ ಊರಿನ ಹವೆ ಹೇಗಿದೆ ಎಂದು ಒಂದು ಪ್ರಶ್ನೆ ಸೇರಿಸಬಹುದೇ ಎಂದು ಕೇಳಿದ್ದೆ. ಮೂಲದಲ್ಲಿಲ್ಲ, ಬೇಡ ಎಂಬ ಉತ್ತರ ಬಂತು.

ನೆರೆಯವರು ಮಳೆಗಾಲದಲ್ಲಿ ಮತ್ತೆ ಸಿಕ್ಕರು. ಕೈಗೆ ಖಸ್ ಹಚ್ಚಿದ್ದೆ. ಕನ್ನಡದಲ್ಲಿ ಕಂಪು ಎಂದರೆ ಸುವಾಸನೆ ಎಂದು ಹೇಳಿದಾಗ ಜೋರಾಗಿ ನಕ್ಕು, ಮಲ್ಕಾಜ್‌ಗಿರಿ ಮೂಲದಲ್ಲಿ ಮಲ್ಲಿಕಾರ್ಜುನಗಿರಿ ಎಂದು ಹಿರಿಯರು ಹೇಳುವುದನ್ನು ತಿಳಿಸಿದರು. ಮಲ್ಲಿಗೆ ಇರುವ ಹೆಸರು. ಮಾತು ಅಲ್ಲಿಂದ ಶ್ರೀಶೈಲಕ್ಕೆ, ಬಸ್ಸಿನ ದರಕ್ಕೆ ಹೋಯಿತು. ಓಲ್ಡ್ ಸಿಟಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ನಾನು ಎತ್ತಬೇಕಿತ್ತು ಎಂದು ಈಗಲೂ ಅನಿಸುತ್ತದೆ. ಹಿನಾದ ಸೀಸೆ ಕಪಾಟಿನಲ್ಲಿದೆ. ಡಿಸೆಂಬರ್ ಬಂದಾಗ ಹಚ್ಚಿಕೊಂಡು ಅದೇ ಲಿಫ್ಟ್ ಹತ್ತುತ್ತೇನೆ, ಕೇಳಿದರೆ ಎಲ್ಲಿಂದ ತಂದೆ ಎಂದೂ ಹೇಳುತ್ತೇನೆ.